ಹದಿನೇಳನೆಯ ಚಾಳಿ

ದೋನ್ ತಿಬೂರ್ಸಿಯೊ ಕಾಲಿಸಾಯ ತಮ್ಮ ಲಾರಿಯಿಂದ ಇಳಿದ ಮೇಲೆ ಮೊದಲ ಹತ್ತು ಹೆಜ್ಜೆಗಳನ್ನು ಹಿಮ್ಮುಖವಾಗಿಯೇ ಇಡುತ್ತಿದ್ದರು. ಮುಖ ಲಾರಿಯ ಕಡೆ, ಬೆನ್ನು ಲೋಕದ ಕಡೆ. ಆ ಹತ್ತು ಹೆಜ್ಜೆಗಳಲ್ಲಿ ಅವರ ಕಣ್ಣು ಚಕ್ರಗಳನ್ನು, ಕನ್ನಡಿಗಳನ್ನು, ಡೀಸೆಲ್ ಟ್ಯಾಂಕಿನ ಮುಚ್ಚಳವನ್ನು, ಟಾರ್ಪಾಲಿನ ಒಂದೊಂದು ಗಂಟನ್ನೂ ಸವರಿಕೊಂಡು ಬರುತ್ತಿತ್ತು. ಹನ್ನೊಂದನೆಯ ಹೆಜ್ಜೆಗೆ ಫಕ್ಕನೆ ತಿರುಗಿ, ಇಷ್ಟು ಹೊತ್ತು ತಮ್ಮ ಬೆನ್ನ ಹಿಂದೆ ಯಾರಿದ್ದರು ಎಂದು ನೋಡುತ್ತಿದ್ದರು. ಬೆಟ್ಟದ ಮೇಲಿನ ಊರಾದ ಎಲ್ ಆಲ್ತೊದ ನಮ್ಮ ಲಾರಿ ಅಂಗಳಕ್ಕೆ ಹೊಸದಾಗಿ ಬಂದವರು ಈ ನಡಿಗೆಯನ್ನು ಕಂಡು, ಇದು ಯಾವುದೋ ಸಂತನಿಗೆ ಹೊತ್ತ ಹರಕೆಯಿರಬೇಕೆಂದು ಭಾವಿಸಿ ಎದೆಯ ಮೇಲೆ ಶಿಲುಬೆ ಬರೆದುಕೊಂಡದ್ದೂ ಉಂಟು. ಹರಕೆಯೂ ಇಲ್ಲ, ಭಕ್ತಿಯೂ ಇಲ್ಲ, ಅಪ್ಪಟ ಅನುಮಾನ.

ಮೊಣಕಾಲಿನವರೆಗೆ ಇಳಿಬೀಳುವ ಕಂದು ಚರ್ಮದ ಕೋಟೊಂದು ಅವರ ಮೈಮೇಲೆ ಸದಾ ಇರುತ್ತಿತ್ತು. ಅದರ ಹೊರಜೇಬುಗಳೆರಡನ್ನೂ ಗೋಣಿಚೀಲ ಹೊಲಿಯುವ ದಾರದಿಂದ ತಾವೇ ಹೊಲಿದು ಮುಚ್ಚಿಬಿಟ್ಟಿದ್ದರು. ಜೇಬುಗಳ್ಳರ ಭಯವಿರಬೇಕೆಂದು ನಾನು ಬಹಳ ವರ್ಷ ತಿಳಿದಿದ್ದೆ. ಒಮ್ಮೆ ಕೇಳಿಯೇಬಿಟ್ಟಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದು, ಈ ಪ್ರಶ್ನೆಯನ್ನು ಯಾರು ಕೇಳಿಸುತ್ತಿದ್ದಾರೆ ಎಂದು ಯೋಚಿಸಿ, ಆಮೇಲೆ ಹೇಳಿದರು: "ಕದ್ರೆ ಏನ್ ಹೋಗತ್ತೆ ಮೇಸ್ತ್ರಿ? ಜೇಬಲ್ಲಿರೋದು ಹೋಗತ್ತೆ. ಯಾರಾದ್ರೂ ಏನಾದ್ರೂ ಇಟ್ರೆ? ನಾನೇ ಹೋಗ್ತೀನಿ." ಕೆಳಗಿನ ಬಿಸಿ ಸೀಮೆಯಾದ ಯುಂಗಾಸಿನ ಇಳುಕಲಿನಲ್ಲಿ ಮೂರು ಕಡೆ ತಪಾಸಣೆ ನಡೆಯುತ್ತದೆ, ಯಾರದೋ ಮಾದಕದ ಪೊಟ್ಟಣ ಯಾರದೋ ಕೋಟಿನಲ್ಲಿ ಸಿಕ್ಕಿ, ಏನೂ ಅರಿಯದ ಚಾಲಕನೊಬ್ಬ ಎರಡು ವರ್ಷ ಕಂಬಿ ಎಣಿಸಿದ್ದನ್ನು ನಾವೆಲ್ಲರೂ ಕಂಡಿದ್ದೆವು. ಕಂಡು ಮರೆತಿದ್ದೆವು. ಅವರು ಮರೆಯದೆ ಜೇಬು ಹೊಲಿದುಕೊಂಡಿದ್ದರು, ಅಷ್ಟೇ ವ್ಯತ್ಯಾಸ.

ಮಾತಿನಲ್ಲೂ ಅದೇ ಹೊಲಿಗೆ. ಎದುರಿನವರು ಏನೇ ಹೇಳಲಿ, ಅದರ ತುದಿಗೆ ಅವರದೊಂದು ಗಂಟು ಬೀಳುತ್ತಿತ್ತು: "ಅಂತ ನೀವು ಹೇಳ್ತೀರಿ." ಘಟ್ಟದ ಮೇಲೆ ಹಿಮ ಬಿದ್ದಿದೆಯಂತೆ ಎಂದರೆ, ಅಂತ ನೀವು ಹೇಳ್ತೀರಿ. ನಿಮ್ಮ ಬ್ರೇಕು ಸರಿಮಾಡಿದ್ದೇನೆ ಎಂದರೆ, ಅಂತ ನೀವು ಹೇಳ್ತೀರಿ. ಪಾದ್ರಿಗಳು ದೇವರು ನಿಮ್ಮೊಂದಿಗಿರಲಿ ಎಂದು ಹರಸಿದಾಗಲೂ ಅವರ ತುಟಿ ಅಲುಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂಗಳದ ಬಾಗಿಲಲ್ಲಿ ಕಾಫಿ ಮಾರುವವಳು ಲೋಟ ಕೊಟ್ಟರೆ ಮೊದಲ ಗುಟುಕನ್ನು ಅವಳೇ ಕುಡಿಯಬೇಕಿತ್ತು. ಪಾಪ, ಅವಳಿಗೆ ಅದು ಎಷ್ಟು ರೂಢಿಯಾಗಿತ್ತೆಂದರೆ ಬೇರೆ ಗಿರಾಕಿಗಳ ಲೋಟಕ್ಕೂ ಬಾಯಿಟ್ಟು ಬೈಸಿಕೊಳ್ಳುತ್ತಿದ್ದಳು.

ನಾನು ಆ ಅಂಗಳದಲ್ಲಿ ಲಾರಿ ರಿಪೇರಿ ಮಾಡುವವನು. ಇಪ್ಪತ್ತು ವರ್ಷ ಅವರ 'ಗ್ರಾಸಿಯೆಲಾ'ಳ ಹೊಟ್ಟೆಯಡಿ ಮಲಗಿ ಎದ್ದಿದ್ದೇನೆ. ಆ ನೀಲಿ ಲಾರಿಗೆ ಅದೇ ಹೆಸರು, ಮುಂದಿನ ಬಂಪರಿನ ಮೇಲೆ ಹಳದಿ ಅಕ್ಷರಗಳಲ್ಲಿ ಬರೆದಿತ್ತು. ನಾನು ಬಿಚ್ಚಿದ ನಟ್ಟುಗಳನ್ನು ಅವರು ತಮ್ಮ ಟೋಪಿಯಲ್ಲಿ ಎಣಿಸಿ ಇಟ್ಟುಕೊಂಡು, ಒಂದೊಂದಾಗಿ ನನ್ನ ಕೈಗೆ ಕೊಡುತ್ತಿದ್ದರು, ಮಗುವಿಗೆ ಔಷಧಿ ಕೊಡುವಂತೆ. ಮುಚ್ಚುಮರೆಯೇಕೆ, ನನಗೆ ಅವರನ್ನು ಕಂಡರೆ ಆಗುತ್ತಿರಲಿಲ್ಲ. ತನ್ನ ಕೆಲಸ ಬಲ್ಲ ಯಾವ ಕಸುಬುದಾರನಿಗೆ ಆದೀತು?

ಆದರೂ ನಾಯಿಗಳ ಪ್ರಸಂಗವನ್ನು ಹೇಳದಿದ್ದರೆ ತಪ್ಪಾದೀತು. ಕುಂಬ್ರೆ ಘಟ್ಟದ ನೆತ್ತಿಯ ಆಚೀಚೆ ಒಂದೊಂದು ತಿರುವಿನಲ್ಲಿ ಒಂದೊಂದು ನಾಯಿ ಕೂತಿರುತ್ತದೆ. ಅವುಗಳಿಗೆ ಬ್ರೆಡ್ಡು ಎಸೆಯದೆ ಇಳಿಯುವ ಧೈರ್ಯ ಯಾವ ಚಾಲಕನಿಗೂ ಇಲ್ಲ. ತಿಬೂರ್ಸಿಯೊ ಕೂಡ ಎಸೆಯುತ್ತಿದ್ದರು. ಆದರೆ ಒಂದು ಕಂದು ನಾಯಿ ಮೇಲಿನ ತಿರುವಿನಲ್ಲಿ ತಿಂದು, ಅಡ್ಡದಾರಿಯಲ್ಲಿ ಇಳಿದು, ಕೆಳಗಿನ ತಿರುವಿನಲ್ಲಿ ಇನ್ನೊಂದು ನಾಯಿಯ ಹಾಗೆ ಮುಖ ಮಾಡಿಕೊಂಡು ಕೂರುತ್ತದೆಂಬುದು ಅವರ ಬಲವಾದ ಗುಮಾನಿಯಾಗಿತ್ತು. ನಾವು ನಕ್ಕೆವು. ಒಂದು ದಿನ ನನ್ನಲ್ಲಿದ್ದ ಕೆಂಪು ಬಣ್ಣದ ಡಬ್ಬ ಒಯ್ದು, ಬ್ರೆಡ್ಡು ತಿನ್ನುತ್ತಿದ್ದಾಗ ಅದರ ಬಾಲಕ್ಕೆ ಬಳಿದುಬಂದರು. ಕೆಳಗಿನ ತಿರುವಿನಲ್ಲಿ ಕೆಂಪು ಬಾಲ ಅಲ್ಲಾಡುತ್ತ ಕಾಯುತ್ತಿತ್ತು! ಅವರ ಅನುಮಾನಗಳಲ್ಲಿ ನಿಜವಾದದ್ದನ್ನು ನಾನು ಕಂಡದ್ದು ಅದೇ ಮೊದಲು. "ಈಗಾದ್ರೂ ನಿಲ್ಲಿಸ್ತೀರಾ?" ಎಂದು ಕೇಳಿದೆ. "ಯಾಕೆ? ಕಳ್ಳನಿಗೂ ಹೊಟ್ಟೆ ಇರತ್ತೆ" ಎಂದರು. ಆಮೇಲೂ ಆ ನಾಯಿಗೆ ಎರಡು ಬ್ರೆಡ್ಡು ಸಲ್ಲುತ್ತಲೇ ಇತ್ತು. ಅದರ ಮೋಸ ತಮಗೆ ಗೊತ್ತಿದೆ ಎಂಬ ಸಮಾಧಾನವಷ್ಟೇ ಅವರಿಗೆ ಬೇಕಾಗಿದ್ದಿರಬೇಕು.

ಇಂಥ ತಿಬೂರ್ಸಿಯೊ ಒಂದು ಮಂಗಳವಾರ ಬೆಳಿಗ್ಗೆ ರಾಜೀನಾಮೆ ಕೊಟ್ಟರು. ಕೊಟ್ಟದ್ದಕ್ಕಿಂತಲೂ ಕೊಟ್ಟ ರೀತಿ ಅಂಗಳವನ್ನು ದಿಗಿಲುಗೊಳಿಸಿತು. ನಮ್ಮಲ್ಲಿ ಕೆಲಸ ಬಿಡುವ ಪದ್ಧತಿಗಳು ಎರಡೇ: ಜಗಳವಾಡಿ ಕೀಲಿಯನ್ನು ಯಜಮಾನಿಯ ಮೇಜಿನ ಮೇಲೆ ಎಸೆದು ಹೋಗುವುದು, ಇಲ್ಲವೇ ಕಾರ್ನಿವಾಲ್ ಹಬ್ಬಕ್ಕೆಂದು ಊರಿಗೆ ಹೋದವರು ಮರಳಿ ಬಾರದೆ ಇರುವುದು. ಇವರು ಟೋಪಿ ಕಳಚಿ, ರಸ್ತೆಬದಿಯ ಟೈಪಿಸ್ಟನಿಂದ ಬರೆಸಿದ ಹನ್ನೊಂದು ಸಾಲಿನ ಪತ್ರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಯಾವ ಮನಸ್ತಾಪವೂ ಇಲ್ಲದೆ, ಯಾರ ಮೇಲೂ ದೂರಿಲ್ಲದೆ, ಯಜಮಾನಿಯ ಮನೆತನದ ಬಗ್ಗೆ ಪೂರ್ಣ ಗೌರವವನ್ನಿಟ್ಟುಕೊಂಡು, ಹದಿನೈದು ದಿನ ಮುಂಚಿತವಾಗಿ ತಿಳಿಸುತ್ತಿದ್ದೇನೆ ಎಂದು ಅದರಲ್ಲಿತ್ತು. ಕಾರಣ ಮಾತ್ರ ಇರಲಿಲ್ಲ.

ಯಜಮಾನಿ ದೋನ್ಯಾ ನೆಮೆಸಿಯಾ ಏಳು ಲಾರಿಗಳ ಒಡತಿ, ಗಂಡ ಸತ್ತ ಮೇಲೆ ಒಬ್ಬಳೇ ನಿಂತು ಅಂಗಳ ನಡೆಸಿದವಳು. ಆಕೆಗೂ ತಿಬೂರ್ಸಿಯೊಗೂ ಸಂಬಳದ ಸಂಬಂಧಕ್ಕಿಂತ ದೊಡ್ಡದೊಂದಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಆಕೆಯ ಮಗನ ಹುಟ್ಟುಗೂದಲಿಗೆ ಕತ್ತರಿಯಿಟ್ಟವರು ಅವರು. ಅಂದಿನಿಂದ ಇವರು ಆಕೆಗೆ ಕೊಂಪಾದ್ರೆ, ಆಕೆ ಇವರಿಗೆ ಕೊಮಾದ್ರೆ, ಮಗುವಿನ ಮೂಲಕ ಬೆಸೆದ ಧರ್ಮದ ನಂಟು. ಒಡಹುಟ್ಟಿದವರು ಮುಖ ತಿರುಗಿಸಬಹುದು, ಈ ನಂಟಿನವರು ತಿರುಗಿಸುವಂತಿಲ್ಲ. ಸ್ವಂತ ಮಕ್ಕಳಿಲ್ಲದ ತಿಬೂರ್ಸಿಯೊಗೆ ಆ ಹುಡುಗನೇ ಮಗ. ಮುಂದಿನ ವರ್ಷ ಅವನ ಮದುವೆಯಲ್ಲಿ ಧರ್ಮತಂದೆಯಾಗಿ ಪಕ್ಕದಲ್ಲಿ ನಿಲ್ಲಬೇಕಾದವರು ಇವರೇ. ಮನಸ್ಸು ಕೆಡಿಸಿಕೊಂಡು ಕೆಲಸ ಬಿಟ್ಟರೆ ಆ ಮನೆಯ ಹೊಸ್ತಿಲೂ ತಪ್ಪಿತು. ಒಳ್ಳೆಯ ಮಾತಿನಲ್ಲಿ ಹೊರಡಬೇಕೆಂಬ ಅವರ ಹಟದ ಹಿಂದೆ ಇದ್ದದ್ದು ಇಷ್ಟು.

ಆದರೆ ಒಳ್ಳೆಯ ಮಾತನ್ನು ನಂಬುವವರು ಯಾರಿದ್ದರು! ಪತ್ರ ಓದಿದ ದೋನ್ಯಾ ನೆಮೆಸಿಯಾ ಕುರ್ಚಿ ಹಾಕಿಸಿದಳು, ಕಾಫಿ ತರಿಸಿದಳು, ಅವರು ಹೋದ ಮರುಕ್ಷಣವೇ ನನ್ನನ್ನು ಕರೆಸಿದಳು.

"ಮೇಸ್ತ್ರಿ, ಜಗಳ ಆಡದೆ ಯಾವನಾದ್ರೂ ಕೆಲಸ ಬಿಡ್ತಾನಾ?"

"ಬಿಟ್ಟಿದ್ದು ನಾನಂತೂ ನೋಡಿಲ್ಲಮ್ಮ."

"ಅದಕ್ಕೇ ಕೇಳಿದ್ದು. ಗ್ರಾಸಿಯೆಲಾನ ಬಿಚ್ಚು. ಒಂದೊಂದು ಬೋಲ್ಟೂ ನೋಡು. ಎಲ್ಲೋ ಏನೋ ಆಗಿದೆ."

ಹೊರಗೆ ತಿಬೂರ್ಸಿಯೊ ನನಗಾಗಿ ಕಾದಿದ್ದರು. ಅವರ ಮುಖದಲ್ಲಿ ನೆಮ್ಮದಿ ಕಿಂಚಿತ್ತೂ ಇರಲಿಲ್ಲ. "ಕುರ್ಚಿ ಹಾಕಿಸಿದ್ರು ಮೇಸ್ತ್ರಿ" ಎಂದು ಪಿಸುಗುಟ್ಟಿದರು. "ಮೂವತ್ತೊಂದು ವರ್ಷದಲ್ಲಿ ಒಂದಿನ ನಂಗೆ ಅಲ್ಲಿ ಕುರ್ಚಿ ಇಲ್ಲ. ಇವತ್ತು ಕುರ್ಚಿ, ಕಾಫಿ, ಮೇಲೆ ಬಿಸ್ಕತ್ತು. ಏನೋ ಹೂಡ್ತಿದಾರೆ."

ನಾನು ಒಂಬತ್ತು ದಿನ ಗ್ರಾಸಿಯೆಲಾಳನ್ನು ಬಿಚ್ಚಿ ಹರಡಿಕೊಂಡು ಕೂತೆ. ಕಳವಾದದ್ದು ಒಂದೂ ಇಲ್ಲ. ಬದಲಿಗೆ ಜಾಕಿಗೆ ಎಣ್ಣೆ ಹಚ್ಚಿತ್ತು, ಸೀಟಿನಡಿ ಗುಡಿಸಿತ್ತು, ಹರಿದಿದ್ದ ಟಾರ್ಪಾಲಿಗೆ ಹೊಸ ತೇಪೆ ಬಿದ್ದಿತ್ತು. ಇದನ್ನು ವರದಿ ಮಾಡಿದಾಗ ಯಜಮಾನಿಯ ಹುಬ್ಬು ಇನ್ನೂ ಮೇಲೇರಿತು. ಅಂಗಳದಲ್ಲಿ ನಾಲ್ಕು ಬಾಯಿಗೆ ಎಂಟು ಮಾತು. ಎದುರಾಳಿ ಅಂಗಳದವರು ಅವರನ್ನು ಸೆಳೆದುಕೊಂಡಿದ್ದಾರೆ ಎಂದರು ಕೆಲವರು. ಬಿಸಿ ಸೀಮೆಯಲ್ಲಿ ಗುಟ್ಟಾಗಿ ಎರಡನೆಯ ಸಂಸಾರವಿದೆ ಎಂದರು ಹಲವರು. ನಾನೂ ಹಿಂದೆ ಬೀಳಲಿಲ್ಲ. ಇಪ್ಪತ್ತು ವರ್ಷ ನನ್ನನ್ನು ಅನುಮಾನಿಸಿದ ಮನುಷ್ಯನನ್ನು ಹದಿನೈದು ದಿನವಾದರೂ ಅನುಮಾನಿಸುವ ಅವಕಾಶ ಸಿಕ್ಕಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದೆ.

ನಮ್ಮ ಅಂಗಳದಲ್ಲಿ ಒಂದು ಕಟ್ಟಳೆಯಿದೆ: ಚಾಳಿ ಒಪ್ಪಿಸುವುದು. ಹಳೆಯ ಲಾರಿಗಳಿಗೆ ಹಳೆಯ ಮನುಷ್ಯರಂತೆಯೇ ಚಾಳಿಗಳಿರುತ್ತವೆ, ಅವು ಓಡಿಸಿದವನಿಗೆ ಮಾತ್ರ ಗೊತ್ತು. ಕೆಲಸ ಬಿಡುವವನು ಕೊನೆಯ ಪಯಣದಲ್ಲಿ ಹೊಸಬನ ಪಕ್ಕ ಕೂತು, ಎಲ್ಲ ಚಾಳಿಗಳನ್ನೂ ಬಾಯಿಬಿಟ್ಟು ಹೇಳಬೇಕು, ಒಂದನ್ನೂ ಹೊಟ್ಟೆಯಲ್ಲಿ ಇಟ್ಟುಕೊಳ್ಳಬಾರದು. ಆಮೇಲೆ ಒಂದು ತಿಂಗಳು ಲಾರಿ ತಂಟೆಯಿಲ್ಲದೆ ಓಡಿದರೆ ಯಜಮಾನಿ ಎಲ್ಲರ ಮುಂದೆ "ಚೆನ್ನಾಗಿ ಹೋದ" ಎನ್ನುತ್ತಾಳೆ. ಆ ಎರಡು ಮಾತು ಬೀಳದಿದ್ದರೆ ಹೋದದ್ದು ಹೋದದ್ದಲ್ಲ, ಓಡಿಹೋದದ್ದು. ಮತ್ತು ಇದನ್ನೂ ಹೇಳಬೇಕು: ಎಲ್ಲರೂ ಒಂದನ್ನು ಬಚ್ಚಿಡುತ್ತಾರೆ. ಹಿಂದೊಬ್ಬ ಕ್ಲಚ್ಚಿನ ಚಾಳಿಯೊಂದನ್ನು ನುಂಗಿಕೊಂಡು ಹೋಗಿ, ಹದಿನೈದೇ ದಿನಕ್ಕೆ "ನೀವೇ ಬನ್ನಿ" ಎಂದು ಕರೆಸಿಕೊಂಡು ಮೆರೆದ. ಹಾಗಿರುವಾಗ ಕೋಟಿನ ಜೇಬನ್ನೇ ಹೊಲಿದುಕೊಂಡವರು ಹೊಟ್ಟೆಯಲ್ಲಿರುವುದನ್ನೆಲ್ಲ ಕಕ್ಕಿಯಾರೆಂದು ಯಾರು ನಂಬಬೇಕು? ಇಳುಕಲಿನ ದಾರಿಯಲ್ಲಿ ಬಚ್ಚಿಟ್ಟ ಒಂದು ಚಾಳಿಗೆ ಒಂದು ಜೀವ ಹೋದೀತು. ಯಜಮಾನಿ ನನ್ನನ್ನೂ ಕ್ಯಾಬಿನ್ನಿನಲ್ಲಿ ನಡುವೆ ಕೂರಿಸಿ ಕಳಿಸಿದಳು. "ಅವರು ಏನ್ ಹೇಳ್ತಾರೆ ಅನ್ನೋದಕ್ಕಿಂತ ಏನ್ ಹೇಳಲ್ಲ ಅನ್ನೋದನ್ನ ಕೇಳಿಸ್ಕೊಂಡು ಬಾ."

ಹೊಸಬನ ಹೆಸರು ಅರ್ನುಲ್ಫೊ. ಬಿಸಿ ಬಯಲಿನವನು, ನಲವತ್ತರ ಆಸುಪಾಸು, ಅಂಗಿಯ ಮೇಲಿನ ಎರಡು ಗುಂಡಿ ಹಾಕುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಸಿಕ್ಕವರನ್ನೆಲ್ಲ ತಬ್ಬಿಕೊಳ್ಳುತ್ತಿದ್ದ, ಕೊಟ್ಟದ್ದನ್ನೆಲ್ಲ ತಿನ್ನುತ್ತಿದ್ದ, ಹೇಳಿದ್ದನ್ನೆಲ್ಲ ನಂಬುತ್ತಿದ್ದ. ತಿಬೂರ್ಸಿಯೊ ಅವನನ್ನು ನೋಡಿದ್ದು, ಬೀದಿಯಲ್ಲಿ ಬಿದ್ದ ಹೊಸ ನೋಟನ್ನು ಖೋಟಾ ಇರಬಹುದೇ ಎಂದು ನೋಡುವ ಹಾಗೆ.

"ಇಷ್ಟು ನಗೋರು ಏನ್ ಮುಚ್ಚಿಡ್ತಿದಾರೆ?" ಎಂದು ನನ್ನ ಕಿವಿಯಲ್ಲಿ ಕೇಳಿದರು.

"ಹಲ್ಲು ಮುಚ್ಚಿಡಕ್ಕಾಗ್ತಿಲ್ಲ ಅಷ್ಟೇ, ದೋನ್ ತಿಬೂರ್ಸಿಯೊ."

"ಅಂತ ನೀವು ಹೇಳ್ತೀರಿ."

ಘಟ್ಟದ ನೆತ್ತಿಯಲ್ಲಿ ಇಬ್ಬರೂ ಸೇರಿ ಭೂಮಿತಾಯಿಗೆ ಮದ್ಯ ಎರೆದರು. ತಿಬೂರ್ಸಿಯೊ ಬಾಟಲಿಯ ವಾಸನೆ ನೋಡಿಯೇ ಎರೆದದ್ದು. ತಾಯಿಗೂ ಕಲಬೆರಕೆ ಸಲ್ಲಬಾರದಲ್ಲ. ನಾಯಿಗಳಿಗೆ ಬ್ರೆಡ್ಡಾಯಿತು. ಅಲ್ಲಿಂದ ಕೆಳಕ್ಕೆ ಅರ್ನುಲ್ಫೊ ಓಡಿಸಿದ, ತಿಬೂರ್ಸಿಯೊ ಹೇಳುತ್ತ ಹೋದರು. ಎರಡನೆಯ ಗೇರನ್ನು ಒಮ್ಮೆ ಮುಟ್ಟಿ ಬಂದರೆ ಮಾತ್ರ ಮೊದಲನೆಯದು ಬೀಳುತ್ತದೆ. ಎಡ ಬಾಗಿಲು ಬಲ ತಿರುವಿನಲ್ಲಿ ತಾನಾಗಿ ತೆರೆದುಕೊಳ್ಳುತ್ತದೆ, ಹಗ್ಗ ಬಿಗಿಯಬೇಕು. ಡೀಸೆಲ್ ಮುಳ್ಳು ಅರ್ಧ ತೋರಿಸಿದರೆ ಖಾಲಿಯಾಯಿತೆಂದು ತಿಳಿಯಬೇಕು. ಸ್ಟಿಯರಿಂಗ್ ಕೊಂಚ ಎಡಕ್ಕೆ ಎಳೆದು ಒತ್ತಿದರಷ್ಟೇ ಹಾರ್ನು ಬಡಿಯುತ್ತದೆ. ಎರಡನೆಯ ಜಲಪಾತಕ್ಕೆ ಮುಂಚೆ ಬ್ರೇಕನ್ನು ಮೂರು ಸಲ ತುಳಿದು ಎಬ್ಬಿಸಿಕೊಳ್ಳಬೇಕು. ನಾನು ಬೆರಳು ಮಡಿಚಿ ಎಣಿಸುತ್ತಿದ್ದೆ. ಒಂದೊಂದೂ ನಿಜವಾಗಿತ್ತು, ಅವುಗಳಲ್ಲಿ ಮೂರು ನನಗೇ ಗೊತ್ತಿರಲಿಲ್ಲ. ನಾಚಿಕೆಯಾಯಿತು.

ಹದಿನಾರಾದವು. ಕೆಳಗೆ ಹಸಿರು ಕಾಣಿಸಿಕೊಂಡಿತು, ಗಾಳಿ ಬೆಚ್ಚಗಾಯಿತು. 'ಏಳು ತಿರುವು' ಎಂದು ಚಾಲಕರೆಲ್ಲ ಕರೆಯುವ ಇಳಿಜಾರು ಶುರುವಾಗುವಲ್ಲಿ ಒಂದು ಮರದ ಶಿಲುಬೆ ನೆಟ್ಟಿದೆ, ಪಕ್ಕದಲ್ಲಿ ಒರತೆಯಿದೆ. ಅಲ್ಲಿ ತಿಬೂರ್ಸಿಯೊ ಒಮ್ಮೆಲೇ ನನ್ನನ್ನು ದಾಟಿ ಕೈಚಾಚಿ ಅರ್ನುಲ್ಫೊನ ತೋಳು ಹಿಡಿದರು. "ನಿಲ್ಸು."

ನಿಲ್ಲಿಸಿದ.

"ಇದು ಹದಿನೇಳನೇದು. ಇಲ್ಲಿ ಇವಳಿಗೆ ಮಂಕು ಕವಿಯತ್ತೆ."

"ಎಂಜಿನ್ನಿಗಾ?" ಎಂದು ಕೇಳಿದವನು ನಾನು.

"ಇವಳಿಗೆ. ತಾನು ಎಲ್ಲಿದೀನಿ ಅನ್ನೋದೇ ಇವಳಿಗೆ ಮರೆತುಹೋಗತ್ತೆ." ಅವರು ಕಿಟಕಿಯಾಚೆ ನೋಡುತ್ತಿದ್ದರು. "ಪ್ರತಿ ಸಲ ಇಲ್ಲಿ ನಿಲ್ಲಬೇಕು. ಇಳೀಬೇಕು. ಒರತೇಲಿ ಮುಖ ತೊಳೀಬೇಕು. ಲಾರಿ ಸುತ್ತ ಒಂದು ಸುತ್ತು ಹಾಕಿ, ಎಲ್ಲಿಂದ ಬಂದ್ವಿ, ಎಲ್ಲಿಗೆ ಹೋಗ್ತಿದೀವಿ, ಇವತ್ತು ಯಾವ ವಾರ ಅಂತ ಜೋರಾಗಿ ಹೇಳ್ಬೇಕು."

"ಯಾರಿಗೆ ಮಾರಾಯ್ರೆ?" ಎಂದು ಅರ್ನುಲ್ಫೊ ಕೇಳಿದ.

"ಲಾರಿಗೆ."

ಅರ್ನುಲ್ಫೊ ತೊಡೆ ತಟ್ಟಿಕೊಂಡು ನಕ್ಕ. "ಲಾರಿಗೆ ವಾರ ಹೇಳೋದಾ! ಉಪವಾಸ ಗಿಪವಾಸ ಮಾಡ್ತಾಳಾ ಇವಳು?"

"ನಗಬೇಡ" ಎಂದರು ತಿಬೂರ್ಸಿಯೊ. ಅವರು ಯಾರಿಗೂ ಏಕವಚನದಲ್ಲಿ ಗದರಿದ್ದನ್ನು ನಾನು ಕೇಳಿರಲಿಲ್ಲ. "ಹೇಳ್ತೀನಿ ಅಂತ ಮಾತು ಕೊಡು."

ಅವನು ನಗು ನಿಲ್ಲಿಸಿ ಮಾತು ಕೊಟ್ಟ. ಇಳಿದು ಮುಖವನ್ನೂ ತೊಳೆದ. ಗ್ರಾಸಿಯೆಲಾಳ ಮೂತಿಯ ಮುಂದೆ ನಿಂತು ಊರು, ವಾರ ಎಲ್ಲವನ್ನೂ ಒಪ್ಪಿಸಿದ. ನನಗಾದರೋ ಮೈಯೆಲ್ಲ ಉರಿದುಹೋಯಿತು. ಆ ಎಂಜಿನ್ನಿನ ಒಂದೊಂದು ಉಸಿರನ್ನೂ ಬಲ್ಲವನು ನಾನು. ಅಂಥ ಕಾಯಿಲೆ ಅದಕ್ಕಿಲ್ಲ, ಯಾವ ಎಂಜಿನ್ನಿಗೂ ಇಲ್ಲ.

ಮರಳಿ ಬಂದು ವಿವರ ಒಪ್ಪಿಸಿದಾಗ ದೋನ್ಯಾ ನೆಮೆಸಿಯಾ ಕೊನೆಯದನ್ನು ಎರಡು ಸಲ ಹೇಳಿಸಿದಳು. "ಹದಿನಾರು ನಿಜ ಹೇಳಿ ಒಂದು ಸುಳ್ಳು ಹೇಳಿದಾರೆ ಅಂದ್ರೆ, ಆ ಸುಳ್ಳಿನ ಹಿಂದೆ ದೊಡ್ಡದು ಏನೋ ಇದೆ. ಆ ಜಾಗದಲ್ಲಿ ಲಾರಿ ಯಾಕೆ ನಿಲ್ಬೇಕು? ಯಾರಿಗೋಸ್ಕರ ನಿಲ್ಬೇಕು?" ಆಕೆಯ ದನಿಯಲ್ಲಿ ಸಿಟ್ಟಿಗಿಂತ ನೋವು ಹೆಚ್ಚಿತ್ತು. "ನನ್ ಮಗನ ತಲೆ ಮುಟ್ಟಿದ ಕೈ ಮೇಸ್ತ್ರಿ ಅದು. ತಿಂಗಳು ತುಂಬೋದ್ರೊಳಗೆ ನಂಗೆ ಗೊತ್ತಾಗ್ಬೇಕು."

ಮೂರನೆಯ ವಾರ ನಾನು ಅರ್ನುಲ್ಫೊನ ಜೊತೆ ಮತ್ತೆ ಇಳಿದೆ. ಅವನು ಶಿಲುಬೆಯ ಬಳಿ ಚಾಚೂ ತಪ್ಪದೆ ಎಲ್ಲವನ್ನೂ ಮಾಡಿದ. ನಾನು ಸುತ್ತ ಹುಡುಕಿದೆ. ಗುಡಿಸಲಿಲ್ಲ, ಕಾಲುದಾರಿಯಿಲ್ಲ, ಬಚ್ಚಿಡಲು ಒಂದು ಪೊಟರೆಯೂ ಇಲ್ಲ. ಏಳು ತಿರುವು ಮುಗಿಯುವಲ್ಲಿ ಮಾತ್ರ ಮುದುಕಿಯೊಬ್ಬಳು ಕಿತ್ತಳೆ ಗುಡ್ಡೆ ಹಾಕಿಕೊಂಡು ಕೂತಿರುತ್ತಾಳೆ. ಹೊಲಿದ ಜೇಬಿನ ಕೋಟಿನವರು ಗೊತ್ತೇನಜ್ಜಿ ಎಂದೆ.

"ಗೊತ್ತಿಲ್ದೆ ಏನಪ್ಪ. ಮೊದಲ್ನೇ ಸಲ ಆ ಕಲ್ಲಿನ ತನಕ ಬಂದು ನಿಲ್ಸಿದ್ರು." ಅವಳು ತೋರಿಸಿದ ಕಲ್ಲಿನಾಚೆ ನೆಲವಿರಲಿಲ್ಲ, ಬಹಳ ಕೆಳಗೆ ಹೊಳೆಯಿತ್ತು. "ಇಳಿದು ಬಂದು, ನಾನು ಇಲ್ಲಿಗೆ ಹೆಂಗ್ ಬಂದೆ ಅಂತ ಕೇಳಿದ್ರು. ನಿಮ್ ಲಾರೀಲಪ್ಪ, ಮೇಲಿಂದ ಅಂದೆ. ಅಂತ ನೀವು ಹೇಳ್ತೀರಿ ಅಂದ್ರು. ಕುಡ್ದಿದಾರೆ ಅನ್ಕೊಂಡೆ, ವಾಸನೆ ಇರ್ಲಿಲ್ಲ."

"ಆಮೇಲೆ?"

"ಇನ್ನೊಂದು ಸಲ ಹಂಗೇ ಆಯ್ತು. ಆಗ ನನ್ನೇ ಗುರಾಯಿಸಿದ್ರು, ನಾನೇನೋ ಮಾಟ ಮಾಡಿದೀನಿ ಅನ್ನೋ ಹಂಗೆ. ಮೂರನೇ ಸಲ ಏನೂ ಕೇಳ್ಲಿಲ್ಲ. ಟೋಪಿ ತೆಗೆದು ಇಲ್ಲೇ ಮಣ್ಣಲ್ಲಿ ಕೂತ್ರು. ತುಂಬಾ ಹೊತ್ತು ಕೂತಿದ್ರು. ಒಂದು ಕಿತ್ತಳೆ ಸುಲ್ದು ಕೊಟ್ಟೆ. ನೀವು ಮೊದ್ಲು ತಿನ್ನಿ ಅಂತಾನೂ ಅನ್ಲಿಲ್ಲ, ಸುಮ್ನೆ ಇಸ್ಕೊಂಡು ತಿಂದ್ರು."

ನಾನು ಒಂಬತ್ತು ದಿನ ಬಿಚ್ಚಿ ನೋಡಿದ್ದು ಬೇರೆಯದನ್ನೇ.

ಎಲ್ ಆಲ್ತೊಗೆ ಹಿಂದಿರುಗಿದ ಮಧ್ಯಾಹ್ನವೇ ಅವರ ಮನೆಗೆ ಹೋದೆ. ಬಾಗಿಲು ತೆರೆದವಳು ಅವರ ಹೆಂಡತಿ. ಸೊಂಟಕ್ಕೆ ಕಟ್ಟಿಕೊಂಡೇ ಮಲಗುತ್ತಿದ್ದ ಅವರ ಬೀಗದ ಕೈ ಗೊಂಚಲು ಈಗ ಆಕೆಯ ಕೊರಳಲ್ಲಿತ್ತು. ಅವರು ಬಿಸಿಲಿಗೆ ಬೆನ್ನು ಕೊಟ್ಟು ಅಂಗಳದಲ್ಲಿ ಕೂತಿದ್ದರು. ನಾನು ಸುತ್ತಿ ಬಳಸಲಿಲ್ಲ.

"ಹದಿನೇಳನೇದು ಲಾರೀದಲ್ಲ, ಅಲ್ವಾ?"

ಯಾರು ಕಳಿಸಿದರು ಎಂದು ಕೇಳಬಹುದೆಂದು ಕಾದೆ. ಕೇಳಲಿಲ್ಲ.

"ಆ ಏಳು ತಿರುವನ್ನ ನಾನು ತಿರುಗಿಸಿಲ್ಲ ಮೇಸ್ತ್ರಿ. ಮೂರು ಸಲ. ಯಾರು ತಿರುಗಿಸಿದ್ರೋ ನಂಗೊತ್ತಿಲ್ಲ." ಆಮೇಲೆ, ಪ್ರಕರಣವೊಂದನ್ನು ವಿಚಾರಣೆಗೆ ಒಪ್ಪಿಸುವವರ ಧಾಟಿಯಲ್ಲಿ, ಒಂದೊಂದಾಗಿ ಹೇಳಿದರು. "ಮೊದಲ್ನೇ ಸಲ ಕಾಫಿಗೆ ಏನೋ ಹಾಕಿದಾರೆ ಅನ್ಕೊಂಡೆ. ಕಾಫಿ ಬಿಟ್ಟೆ. ಎರಡನೇ ಸಲ, ಮನೇಲೇ ಏನೋ... ದೇವರು ಕ್ಷಮಿಸ್ಲಿ, ಇವಳ ಮೇಲೂ ಬಂತು ಅನುಮಾನ. ಮೂರನೇ ಸಲ ಯಾರ ಕೈದೂ ತಿನ್ನಲಿಲ್ಲ. ಒರತೆ ನೀರು, ಅಗಿಯೋಕೆ ಒಂದು ಚಿಟಿಕೆ ಕೋಕಾ ಎಲೆ, ಅಷ್ಟೇ. ಆದ್ರೂ ಆಯ್ತು. ಆಗ ಲೆಕ್ಕ ಹಾಕ್ದೆ. ಎಲ್ಲರನ್ನೂ ತೆಗೆದ ಮೇಲೆ ಒಬ್ನೇ ಉಳಿದ. ಮೂವತ್ತೊಂದು ವರ್ಷ ಅವನೊಬ್ಬನ ಮೇಲೆ ನಾನು ಕಣ್ಣೇ ಇಟ್ಟಿರಲಿಲ್ಲ."

"ಡಾಕ್ಟರು?"

"ಏನೋ ಒಂದು ಹೆಸರು ಹೇಳಿದಾರೆ. ಮಾತ್ರೆ ಕೊಟ್ಟಿದಾರೆ."

"ಯಜಮಾನೀಗೆ ನೇರವಾಗಿ ಹೇಳ್ಬಹುದಿತ್ತಲ್ಲ."

"ಮೂರು ಸಲ ನಿನ್ ಲಾರೀನ ಕಣ್ ಮುಚ್ಚಿ ಇಳಿಸಿದೀನಿ, ಈಗ ನಿನ್ ಮಗನ ಮದುವೇಲಿ ಕೈ ಹಿಡಿದು ನಿಲ್ತೀನಿ ಅಂತಾನಾ?" ಎಂದರು. "ಆದ್ರೆ ಬಚ್ಚಿಟ್ಟಿಲ್ಲ ಮೇಸ್ತ್ರಿ. ಚಾಳಿ ಎಲ್ಲ ಒಪ್ಪಿಸ್ಬೇಕು ಅನ್ನೋದು ಕಟ್ಟಳೆ. ಒಪ್ಪಿಸಿದೀನಿ. ಯಾರ ಚಾಳಿ ಅಂತ ಕಟ್ಟಳೆ ಕೇಳಲ್ಲ. ಆ ಜಾಗದಲ್ಲೇ ಏನಾದ್ರೂ ಇದ್ರೆ? ನಂಗೆ ಆಗಿದ್ದು ಆ ಹಲ್ಲು ಬಿಡೋನಿಗೂ ಆದ್ರೆ? ಹೇಳ್ದೆ ಹೆಂಗ್ ಬಿಡ್ಲಿ?"

ಹೊರಡುವಾಗ ಅವರು ಬೇಡಿಕೊಳ್ಳಲಿಲ್ಲ, ಆಣೆ ಹಾಕಿಸಿಕೊಳ್ಳಲಿಲ್ಲ. ಮತ್ತೊಬ್ಬರ ಕೈಯಲ್ಲಿ ತಮ್ಮ ಮಾನವನ್ನು ಬಿಟ್ಟು ಕೂರುವುದು ಅವರಿಗೆ ಅಭ್ಯಾಸವಿಲ್ಲದ ಕೆಲಸ. ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ಅವರ ಮೇಲೆ ಅಪಾರವಾದ ಪ್ರೀತಿ ಉಕ್ಕಿತು. ಅದನ್ನು ಹೇಳಿದ್ದರೆ ನಂಬುತ್ತಿರಲಿಲ್ಲ, ಹಾಗಾಗಿ ಹೇಳಲಿಲ್ಲ.

ತಿಂಗಳು ತುಂಬಿದ ಶನಿವಾರ ಅಂಗಳದಲ್ಲಿ ಎಲ್ಲರೂ ಸೇರಿದ್ದರು. ತಿಬೂರ್ಸಿಯೊ ಅದೇ ಕೋಟಿನಲ್ಲಿ ಬಂದು ಗೋಡೆಗೆ ಬೆನ್ನು ಕೊಟ್ಟು ನಿಂತರು. ಪಕ್ಕದಲ್ಲಿ ಯಜಮಾನಿಯ ಮಗ, ಅವರ ಕತ್ತರಿಯಿಂದ ಮೊದಲ ಕೂದಲು ಕಳಕೊಂಡವನು, ಏನೂ ಅರಿಯದೆ ಅವರ ತೋಳಿಗೆ ತೋಳು ಕೊಟ್ಟಿದ್ದ. ದೋನ್ಯಾ ನೆಮೆಸಿಯಾ ಮೊದಲು ಅರ್ನುಲ್ಫೊನನ್ನು ಕೇಳಿದಳು.

"ತಂಟೆ ಏನೂ ಇಲ್ಲ ಅಕ್ಕಾ. ಶಿಲುಬೆ ಹತ್ರ ದಿನಾ ನಿಲ್ಲಿಸಿ ವಾರ ಹೇಳ್ತೀನಿ. ಮಂಕು ಗಿಂಕು ಏನೂ ನಾ ಕಂಡಿಲ್ಲ. ಆದ್ರೂ ಮಾರಾಯ್ರೆ, ಹೇಳಿ ಇಳಿದ್ರೆ ಕೈ ನೆಟ್ಟಗಿರತ್ತೆ."

ಆಕೆ ನನ್ನ ಕಡೆ ತಿರುಗಿದಳು. "ಮೇಸ್ತ್ರಿ, ನೀನು ಲಾರಿ ಬಿಚ್ಚಿದೋನು. ಹದಿನೇಳನೇದು ನಿಜವೋ ಸುಳ್ಳೋ?"

ನನ್ನ ಕಸುಬಿನ ಮರ್ಯಾದೆ ಒಂದು ಕಡೆ ಜಗ್ಗುತ್ತಿತ್ತು: ಯಾವ ಎಂಜಿನ್ನಿಗೂ ವಾರ ಮರೆಯುವ ರೋಗವಿಲ್ಲವೆಂದು ಅಲ್ಲಿದ್ದ ಚಾಲಕರಿಗೆಲ್ಲ ಗೊತ್ತು. ತಿಬೂರ್ಸಿಯೊ ನೆಲ ನೋಡುತ್ತಿದ್ದರು.

"ನಿಜ" ಎಂದೆ. "ನಾನೇ ಹೋಗಿ ನೋಡ್ಕೊಂಡು ಬಂದಿದೀನಿ. ಹದಿನೇಳೂ ನಿಜ. ಒಂದನ್ನೂ ಇಟ್ಕೊಂಡಿಲ್ಲ."

ಯಾರೋ ಕಿಸಕ್ಕೆಂದರು. ಮೇಸ್ತ್ರಿಗೂ ಮಂಕು ಕವಿದಿದೆ ಎಂಬ ಮಾತು ಹಿಂದಿನಿಂದ ಬಂತು, ಇಂದಿಗೂ ಬರುತ್ತದೆ. ಯಜಮಾನಿ ನನ್ನ ಮುಖವನ್ನು ಒಂದು ಗಳಿಗೆ ಹೆಚ್ಚಾಗಿಯೇ ನೋಡಿದಳು. ಆಕೆಗೆ ಎಷ್ಟು ಅರ್ಥವಾಯಿತೋ ಕಾಣೆ. ಆಮೇಲೆ, "ನನ್ನ ಕೊಂಪಾದ್ರೆ ಚೆನ್ನಾಗಿ ಹೋದ್ರು" ಎಂದಳು. ಹುಡುಗ ಅವರನ್ನು ಅಪ್ಪಿಕೊಂಡ. ತಿಬೂರ್ಸಿಯೊ ಆ ಅಪ್ಪುಗೆಯಲ್ಲಿ ಮರದ ಕಂಬದಂತೆ ನಿಂತಿದ್ದು, ಕೊನೆಗೆ ಎರಡೂ ಕೈ ಎತ್ತಿ ಅವನ ಬೆನ್ನಿಗಿಟ್ಟರು.

ಮರುದಿನ ಬೆಳಿಗ್ಗೆ ನಾನು ಬಾಗಿಲು ತೆರೆಯುವ ಮೊದಲೇ ಅವರು ಶೆಡ್ಡಿನ ಮುಂದೆ ನಿಂತಿದ್ದರು. ಇಡೀ ರಾತ್ರಿ ನಿದ್ದೆ ಮಾಡಿದ ಹಾಗಿರಲಿಲ್ಲ.

"ಯಾಕೆ ಹಂಗಂದ್ರಿ ಮೇಸ್ತ್ರಿ? ನಿಮಗೇನು ಬೇಕು?"

"ಏನೂ ಬೇಡ."

ಎಂದಿನ 'ಅಂತ ನೀವು ಹೇಳ್ತೀರಿ' ಅವರ ಬಾಯಿಯವರೆಗೆ ಬಂದು, ತುಟಿ ಅಲುಗಿ, ಅಲ್ಲೇ ನಿಂತಿತು. ಆ ದಿನ ಅವರು ಅದನ್ನು ಹೇಳದೆ ಹೋದರು. ನನಗೆ ಸಿಕ್ಕ ಕೃತಜ್ಞತೆ ಅಷ್ಟು. ಸಾಲದು ಎಂದು ನನಗೆಂದೂ ಅನ್ನಿಸಿಲ್ಲ.

ಸಂಶಯ ಪ್ರವೃತ್ತಿಯವರನ್ನು ಲೋಕ ಹಗುರವಾಗಿ ಕಾಣುತ್ತದೆ, ಅವರಿಂದ ಬೇಸರಗೊಳ್ಳುತ್ತದೆ. ಬೇಸರಕ್ಕೆ ಅವರು ಕಾರಣವನ್ನೂ ಧಾರಾಳವಾಗಿ ಕೊಡುತ್ತಾರೆ. ಆದರೆ ಅವರಲ್ಲಿ ಎರಡು ಜಾತಿ. ಊರನ್ನೆಲ್ಲ ಕಟಕಟೆಗೆ ನಿಲ್ಲಿಸಿ ತಾವು ಮಾತ್ರ ನ್ಯಾಯಪೀಠದಲ್ಲಿ ಕೂರುವವರು ಒಂದು ಜಾತಿ. ಅವರ ಸಂಖ್ಯೆಯೇ ಹೆಚ್ಚು, ಅವರಿಂದಾದ ಕೇಡೂ ಹೆಚ್ಚು. ಇನ್ನೊಂದು ಜಾತಿಯವರು ಅಪರೂಪ. ಅವರ ಅನುಮಾನಕ್ಕೆ ದಾಕ್ಷಿಣ್ಯವಿಲ್ಲ, ಬಂಧುಬಳಗವಿಲ್ಲ. ಕಾಫಿಯವಳು, ಹೆಂಡತಿ, ದೇವರು ಎಲ್ಲರನ್ನೂ ದಾಟಿಕೊಂಡು ಅದು ಒಂದು ದಿನ ನೇರವಾಗಿ ತನ್ನ ಒಡೆಯನ ಮುಂದೆಯೇ ಬಂದು ನಿಲ್ಲುತ್ತದೆ. ಆಗ ಅವರು ತಪ್ಪಿಸಿಕೊಳ್ಳುವುದಿಲ್ಲ. ನಮ್ಮಂಥ ಅನುಮಾನ ಪಡದವರು ನಮ್ಮನ್ನು ನಾವೇ ಕಣ್ಣುಮುಚ್ಚಿ ನಂಬಿಕೊಂಡು, ಬೇರೆಯವರ ಜೀವ ಹೊತ್ತು, ಎಷ್ಟು ಇಳಿಜಾರುಗಳನ್ನು ಇಳಿದಿದ್ದೇವೋ ಲೆಕ್ಕವಿಟ್ಟವರಿಲ್ಲ.